ದೊಡ್ಡದಾಗು

ರೊಟ್ಟಿಯ ಅಂಚು ಹಲಗೆಯನ್ನು ಮೀರಿ ಬಂದಿದ್ದರೂ ಸುಗಲಾ ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುತ್ತಿತ್ತು, ಕೆಳಗಿನ ಮರದ ಗೆರೆ ಕಾಣುವಷ್ಟು ಹಿಟ್ಟು ತೆಳ್ಳಗಾಗಿತ್ತು. ಒಲೆಯ ಮೇಲಿನ ಹೆಂಚು ಕಾದು ಹೊಗೆಯಾಡುತ್ತಿತ್ತು.

ಪಡಸಾಲೆಯಲ್ಲಿ ಚಹಾದ ಬಟ್ಟಲು ಹಿಡಿದು ಕುಳಿತಿದ್ದ ಗಂಡ ಮಹಾರುದ್ರಪ್ಪ ಸದ್ದು ಕೇಳಿಯೇ ಹೇಳಿದ: "ಇವತ್ತ ರೊಟ್ಟಿ ಹಪ್ಪಳ ಆಗ್ತಾವು. ಯಾರ ಮ್ಯಾಲ ಸಿಟ್ಟು? ನನ್ನ ಮ್ಯಾಲನೋ, ಇಲಾಖೆ ಮ್ಯಾಲನೋ?"

ಆ ಮನೆಯಲ್ಲಿ ಜೋರಾಗಿ ಸದ್ದು ಮಾಡುವ ಹಕ್ಕಿದ್ದದ್ದು ಅವಳ ಅಂಗೈಗೆ ಮಾತ್ರ. ಬಾಯಿಗೆ ಇರಲಿಲ್ಲ. ಇದನ್ನು ಮಹಾರುದ್ರಪ್ಪ ಬಹಳ ಹಿಂದೆಯೇ ಕಂಡುಕೊಂಡಿದ್ದ. ರೊಟ್ಟಿ ದಪ್ಪಗಿದ್ದರೆ ಹೆಂಡತಿಯ ಮನಸ್ಸು ಹಗುರವಾಗಿದೆ. ತೆಳ್ಳಗಾದಷ್ಟೂ ಒಳಗೆ ಏನೋ ಕುದಿಯುತ್ತಿದೆ. ಮುಖ ನೋಡಿದರೆ ತಿಳಿಯುತ್ತಿರಲಿಲ್ಲ, ಮಾತು ಕೇಳಿದರಂತೂ ತಿಳಿಯುವಂತೆಯೇ ಇರಲಿಲ್ಲ. "ಹಾಲು ಉಕ್ಕತೈತಿ" ಎನ್ನುವುದನ್ನೂ "ನಿಮ್ಮಣ್ಣ ತೀರಿಕೊಂಡ್ರಂತ" ಎನ್ನುವುದನ್ನೂ ಒಂದೇ ದನಿಯಲ್ಲಿ ಹೇಳಿದವಳು ಅವಳು.

ಅವಳ ಗಂಟಲು ಅವಳದಾಗಿರಲಿಲ್ಲ, ಊರಿನದಾಗಿತ್ತು.

ಬೇಸಿಗೆಯೆಂಬುದು ವರ್ಷದ ಮುಕ್ಕಾಲು ಪಾಲನ್ನು ನುಂಗಿಕೊಂಡ ಮೇಲೆ, ಹೊಳೆಸಾಲಿನ ಬಿಸಿಲಹಾಳದಂಥ ಊರುಗಳನ್ನು ಖಾಲಿ ಮಾಡಿಸುವುದೆಂದು ಸರ್ಕಾರ ತೀರ್ಮಾನಿಸಿತ್ತು. ಆಗ ಬಂದದ್ದು ಮಿಣುಕು. ಅರಿಸಿನಪುಡಿಗಿಂತ ನುಣುಪಾದ ಕಣಗಳು, ಒಂದೊಂದಕ್ಕೂ ಕಣ್ಣಿಗೆ ಕಾಣದಂಥ ರೆಕ್ಕೆ. ಬೆಳಗ್ಗೆ ಎದ್ದು ಊರಿನ ಮೇಲೆ ಚಪ್ಪರದಂತೆ ಹರಡಿ ಬಿಸಿಲು ಕುಡಿಯುತ್ತವೆ, ಕೆಳಗೆ ನೆರಳಾಗುತ್ತದೆ. ಸಂಜೆ ಇಳಿದು ಬಂದು, ಕುಡಿದದ್ದನ್ನು ಸ್ವಲ್ಪ ಸ್ವಲ್ಪವೇ ಬೆಳಕಾಗಿ ಬಿಡುತ್ತವೆ. ಬೀದಿಗೂ ಅದೇ ದೀಪ, ಮನೆಗೂ ಅದೇ ದೀಪ. ಅಷ್ಟು ಸಣ್ಣ ಕಣದೊಳಗೆ ತಂತಿ, ಯಂತ್ರ ಕೂರಿಸಲಾಗದು. ಗಾಳಿಯ ಅದುರು ಮಾತ್ರ ಅವಕ್ಕೆ ಗೊತ್ತು. ಹಾಗಾಗಿ ಅವನ್ನು ನಡೆಸಲು ದನಿಯೇ ಬೇಕು, ಅದೂ ಅವು ಕೇಳಿ ಕೇಳಿ ಪಳಗಿದ ಗಂಟಲಿನ ದನಿ. ಧ್ವನಿ ಮುದ್ರಿಸಿ ಕೇಳಿಸಿ ನೋಡಿದ್ದರು. ಉಸಿರಿನ ಬಿಸುಪಿಲ್ಲದ ದನಿಗೆ ಒಂದು ಕಣವೂ ಮಿಸುಕಲಿಲ್ಲ.

ಹೊಸದಾಗಿ ಹುಟ್ಟಿದ ನೆರಳು ಇಲಾಖೆ ಆಗ ಸುಗಲಾಳನ್ನು ಆರಿಸಿತ್ತು. ಕಡತದಲ್ಲಿ ಅವಳು ದನಿಪಾಲಕಿ. ಊರಿಗೆ ಮಂತ್ರದಕ್ಕ. ಊಟ ಮಾಡದೆ ಹಟ ಹಿಡಿದ ಮಕ್ಕಳಿಗೆ ಮಾಟಗಾತಿ. ಮಂತ್ರವೆಂದರೆ ಇದ್ದದ್ದು ಆರೇ ಮಾತು: ಏಳು, ಹರಡು, ನಿಲ್ಲು, ಇಳಿ, ದೊಡ್ಡದಾಗು, ಆರು. ಕೊನೆಯ ಎರಡು ದೀಪದವು, ಬೆಳಕು ಬಿಡಲು ಒಂದು, ನಂದಲು ಒಂದು.

ಶುರುವಿನಲ್ಲಿ ಅವಳು ನಗುತ್ತಿದ್ದಳು, ಮಗಳಿಗೆ ಜೋಗುಳ ಹಾಡುತ್ತಿದ್ದಳು, ಗಂಡನೊಡನೆ ಜಗಳವಾಡುತ್ತಿದ್ದಳು. ಆಮೇಲೆ ಪಕ್ಕದ ತಾಲೂಕಿನ ಊರೊಂದರಲ್ಲಿ ದನಿಪಾಲಕನೊಬ್ಬನ ತಮ್ಮನನ್ನು ಹೊಲದ ಬದುವಿನ ಜಗಳದಲ್ಲಿ ಕಡಿದು ಹಾಕಿದರು. ಹೆಣದ ಮುಂದೆ ಅಣ್ಣ ಎದೆ ಬಿರಿಯುವಂತೆ ಕೂಗಿದ. ಆ ಕೂಗಿಗೆ ಮಿಣುಕು ಕುಡಿದ ಬಿಸಿಲನ್ನೆಲ್ಲ ಒಮ್ಮೆಲೇ ಕಾರಿತು. ಒಂದು ಇಡೀ ಓಣಿ ಸುಟ್ಟುಹೋಯಿತು. ಅಂದಿನಿಂದ ಎಲ್ಲ ಊರುಗಳಿಗೂ ಒಂದೇ ನಿಯಮ ಬಂತು, ಸಮದನಿ. ದನಿಪಾಲಕರು ದನಿ ಕೊಡುವ ಕಂಬದ ಮೇಲಿರಲಿ, ಅಡುಗೆಮನೆಯಲ್ಲಿರಲಿ, ಹಾಸಿಗೆಯಲ್ಲಿರಲಿ, ದನಿ ಏರಬಾರದು, ನಡುಗಬಾರದು, ಒಡೆಯಬಾರದು. ಮಿಣುಕು ಎಲ್ಲ ಕಡೆಯೂ ಇದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ.

ಆಗ ಮೈನೆರೆಯದ ಹುಡುಗಿಯಾಗಿದ್ದ ಮಗಳಿಗೆ ಈಗ ಮದುವೆಯಾಗಿ ಗದಗಿನಲ್ಲಿ ಸಂಸಾರವಿದೆ. ಅಷ್ಟೂ ವರ್ಷ ಬಿಗಿಹಿಡಿದ ಗಂಟಲಲ್ಲಿ ಈಗ ಗಂಟುಗಳಾಗಿವೆ. ಇನ್ನೊಂದು ಮಳೆಗಾಲ ದಾಟಿದರೆ ಹೆಚ್ಚು ಎಂದಿದ್ದರು ಡಾಕ್ಟರು. ಅದಕ್ಕೇ ಶಿಷ್ಯೆಯೊಬ್ಬಳು ಬಂದಿದ್ದಳು.

ಸುಗಲಾ ಕೊನೆಯ ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ಬೇಯಿಸಿ ತೆಗೆದು, ಜೇಷ್ಠಮಧುವಿನ ಚೂರೊಂದನ್ನು ದವಡೆಗೆ ಒತ್ತಿಕೊಂಡಳು. "ನಾ ಬರ್ತೇನಿ," ಎಂದಳು ಗಂಡನಿಗೆ, ಗೋಡೆಗೆ ಹೇಳಿದ ಹಾಗೆ.

*

ದನಿಗಂಬವೆಂದು ಊರು ಕರೆಯುತ್ತಿದ್ದದ್ದು ಹಳೆಯ ನೀರಿನ ಟಾಕಿಯನ್ನು. ಕೆಳಗಿನ ಕೋಣೆಯಲ್ಲಿ ಇಂಜಿನಿಯರ್ ಚೆಲುವಯ್ಯನವರ ಮೇಜು, ಮೇಜಿನ ಮೇಲೆ ಮುಳ್ಳಿನ ಮಾಪಕವೊಂದು. ದನಿಪಾಲಕಿಯ ಸೆರಗಿಗೆ ಸಿಕ್ಕಿಸಿದ ಗುಂಡಿಯೊಂದು ದನಿಯ ಏರಿಳಿತವನ್ನು ಅದಕ್ಕೆ ಮುಟ್ಟಿಸುತ್ತದೆ. ಮುಳ್ಳು ಕೆಂಪುಗೆರೆ ದಾಟಿದರೆ ಗಂಟೆ ಬಾರಿಸುತ್ತದೆ. ಮೇಲೆ, ಟಾಕಿಯ ಸುತ್ತಲಿನ ಕಟಾಂಜನಕ್ಕೆ ಒರಗಿ ನಿಂತರೆ ಇಡೀ ಬಿಸಿಲಹಾಳ ಕಾಣುತ್ತದೆ.

ನಿಂಬೆವ್ವ ಆಗಲೇ ಅಲ್ಲಿದ್ದಳು. ಹದಿನೇಳರ ಹುಡುಗಿ. ತಂದೆತಾಯಿಯಿಲ್ಲದ ಅವಳನ್ನು ಸಾಕಿದ್ದು ಅಜ್ಜಿ. ಅವಳ ಬಾಯಲ್ಲಿ ಅಜ್ಜಿಯೆಂದರೆ ಆಯಿ. ಆಯಿ ಊರಿನ ಮದುವೆಗಳಲ್ಲೆಲ್ಲ ಸೋಬಾನ ಹೇಳುವವಳು, ಮುದುಕಿಯ ಹಿಂದೆ ಪಲ್ಲವಿ ಹಿಡಿಯುವವಳು ಈ ಹುಡುಗಿ. ಇವಳ ದನಿಗೆ ಮಿಣುಕು ಕಿವಿಗೊಡುತ್ತದೆಂದು ಇಲಾಖೆಗೆ ತಿಳಿದದ್ದೂ ಒಂದು ಮದುವೆಯ ಚಪ್ಪರದಲ್ಲಿಯೇ. ಇವಳು ಹಾಡುತ್ತಿದ್ದಾಗ ನೆರಳು ಚಪ್ಪರದ ಮೇಲೆ ಗೇಣುದ್ದ ಕೆಳಗಿಳಿದು ನಿಂತಿತ್ತು.

"ನೀ ಹೇಳು," ಎಂದು ಸುಗಲಾ ಗುಂಡಿಯನ್ನು ಹುಡುಗಿಯ ಸೆರಗಿಗೆ ಸಿಕ್ಕಿಸಿದಳು.

"ಏಳೂ…"

ಕೆಳಗೆ ಗಂಟೆ ಟಿಣ್ ಎಂದಿತು.

"ನಿಂಬಿ, ಎಬ್ಬಸಾಕತ್ತೀಯೋ, ಜೋಗುಳ ಹಾಡಾಕತ್ತೀಯೋ?"

"ಎಬ್ಬಸಾಕತ್ತೇನ್ರಿ ಅಕ್ಕೋರ. ಮಲಗಿದವರನ್ನ ಸತ್ತ ದನಿಯಿಂದ ಕರದ್ರ ಯಾಕ ಏಳ್ತಾರ್ರಿ? ನಮ್ಮ ಆಯಿ ಎಮ್ಮಿ ಎಬ್ಬಸೂದಾದ್ರೂ ಮೈ ಸವರಿ ಎಬ್ಬಸ್ತಾಳ."

"ಇವು ಎಮ್ಮಿ ಅಲ್ಲ."

"ಎಮ್ಮಿಗಿಂತ ಸಣ್ಣವ್ರಿ. ಇನ್ನೂ ಸಮಾಧಾನಲೆ ಹೇಳಬೇಕಲ್ರಿ."

ನಗು ಬಂತು. ಸುಗಲಾ ಅದನ್ನು ಜೇಷ್ಠಮಧುವಿನ ಜೊತೆ ನುಂಗಿದಳು. ನಗುವನ್ನು ನುಂಗುವುದು ಅಳುವನ್ನು ನುಂಗುವುದಕ್ಕಿಂತ ಕಷ್ಟವೆಂದು ಈ ಹುಡುಗಿ ಬಂದ ಮೇಲೆ ಅವಳಿಗೆ ಮತ್ತೆ ನೆನಪಾಗಿತ್ತು. ಆಮೇಲೆ ಕಟಾಂಜನ ಹಿಡಿದು, ಹರಿದ ಬಟ್ಟೆಯಂಥ ದನಿಯಲ್ಲಿ, ಆದರೂ ಮಟ್ಟಸವಾಗಿ, "ಏಳು" ಎಂದಳು. ಛಾವಣಿಗಳ ಮೇಲೆ, ಬೇವಿನ ಎಲೆಗಳ ಮೇಲೆ, ದನದ ಬೆನ್ನಿನ ಮೇಲೆ ಕುಳಿತಿದ್ದ ಬೂದಿಬಣ್ಣದ ಹುಡಿ ಎದ್ದಿತು. "ಹರಡು." "ನಿಲ್ಲು." ಊರಿನ ಮೇಲೆ ನೆರಳು ಬಿತ್ತು. ಕೆಳಗೆ ಬಾಗಿಲುಗಳು ತೆರೆದವು.

ಉಳಿದದ್ದು ಪಾಠ. ಪಾಠಕ್ಕೆಂದು ಆಡಿದ ಮಾತಿಗೆ ಮಿಣುಕು ಮಿಸುಕುತ್ತಿರಲಿಲ್ಲ, ಯಾಕೆಂದು ಯಾರೂ ಕೇಳಿರಲಿಲ್ಲ. ಹುಡುಗಿ ಐದು ಮಾತುಗಳನ್ನು ಹೇಗೋ ಗಂಟೆಯಿಲ್ಲದೆ ದಾಟುವಷ್ಟು ಪಳಗಿದಳು. ಆರನೆಯದಕ್ಕೆ ಬಂದಾಗ ಮಾತ್ರ ತೊದಲಿದಳು.

"ಅದನ್ನ ಅನ್ನಾಕ ನಾಲಿಗಿ ಹೊಳ್ಳಂಗಿಲ್ರಿ. ದೀಪಕ್ಕ ಆರು ಅಂದ್ರ ನಮ್ಮ ಆಯಿ ಬಾಯಿ ಮ್ಯಾಲ ಬಡೀತಾಳ. ದೀಪ ದೊಡ್ಡದು ಮಾಡು ಅನಬೇಕಂತ. ಬಳಿ ಒಡದ್ರ ಹೆಚ್ಚಾದ್ವು ಅನಬೇಕಂತ. ಅಕ್ಕಿ ತೀರಿದ್ರ ತುಂಬೇತಿ ಅನಬೇಕಂತ."

"ನಮ್ಮವ್ವನೂ ಹಂಗ ಅಂತಿದ್ಲು," ಎಂದಳು ಸುಗಲಾ. "ಆದ್ರ ಇಲ್ಲಿ ದೊಡ್ಡದಾಗು ಅಂದ್ರ ಖರೇನ ದೊಡ್ಡದಾಗ್ತಾವು. ಆರಸೂ ಹೊತ್ತಿನ್ಯಾಗ ನಿಮ್ಮ ಆಯಿ ಮಾತು ಬಾಯಿಗೆ ಬಂತಂದ್ರ ಊರು ಸುಡತೈತಿ. ಇಲ್ಲಿ ಹೇಳಿದ್ದು ಹೇಳಿಧಂಗ. ಆರು ಅನ್ನು."

"ಆ…ರು."

ಟಿಣ್.

ಚೆಲುವಯ್ಯ ಮೆಟ್ಟಿಲು ಹತ್ತಿ ಬಂದರು. ಹಾಸನದ ಕಡೆಯವರು, ಒಳ್ಳೆಯವರು, ಸದಾ ನಿದ್ದೆಗೆಟ್ಟವರ ಮುಖ. "ಮೇಡಂ, ಮೇಲಿನವರಿಂದ ಬಂತು. ಶುಕ್ರವಾರ ಸಂಜೆ ಹಸ್ತಾಂತರ. ನೀವು ಬಾಯಿ ಬಿಡೋ ಹಾಗಿಲ್ಲ, ಹುಡುಗಿ ಒಬ್ಬಳೇ ಆರೂ ಮಾತು ಹೇಳಬೇಕು. ಒಂದು ಸಲ ಗಂಟೆ ಹೊಡೆದರೂ ಇವಳಿಲ್ಲ. ಇನ್ನೊಬ್ಬರನ್ನ ಪಳಗಿಸೋಷ್ಟು ನಿಮ್ಮ ಗಂಟಲು ಉಳಿದಿಲ್ಲ. ಆಮೇಲೆ ಏನೂಂತ ನಿಮಗೇ ಗೊತ್ತಲ್ಲ, ಮಿಣುಕನ್ನ ಡಬ್ಬಿಗಿಳಿಸಿ ಬೇರೆ ಊರಿಗೆ ಒಯ್ಯುತ್ತಾರೆ. ಬಿಸಿಲಹಾಳ ಖಾಲಿ."

"ಗಂಟಿ ಹೊಡೀದಿದ್ರ?" ಎಂದಳು ನಿಂಬೆವ್ವ.

"ನೀನೇ ದನಿಪಾಲಕಿ."

"ಹಾಡಬಹುದನ್ರೀ ಸಾಹೇಬ್ರ?"

ಈ ಪ್ರಶ್ನೆಯನ್ನು ಅವಳು ಸಿಕ್ಕವರಿಗೆಲ್ಲ ಕೇಳುತ್ತಿದ್ದಳು, ಯಾರಾದರೊಬ್ಬರು ಬೇರೆ ಉತ್ತರ ಕೊಟ್ಟಾರೆಂದು. ಚೆಲುವಯ್ಯ ಸುಗಲಾಳ ಮುಖ ನೋಡಿ, ನೆಲ ನೋಡಿ, "ಇಲ್ಲ ತಾಯಿ," ಎಂದರು. "ಎಲ್ಲೂ ಹಾಡೋ ಹಾಗಿಲ್ಲ."

ಅವರು ಇಳಿದು ಹೋದ ಮೇಲೆ ಹುಡುಗಿ ಕಟಾಂಜನಕ್ಕೆ ಗದ್ದವೂರಿ ನಿಂತಳು. ಬರುವ ತಿಂಗಳು ಅವಳ ಚಿಗವ್ವನ ಮಗಳ ಮದುವೆ. ಆಯಿಗೆ ಉಬ್ಬಸ. ಸೋಬಾನ ಇವಳೇ ಹೇಳಬೇಕಿತ್ತು. "ಬ್ಯಾಡಾದ್ರ ಬಿಡು" ಎನ್ನುವ ಮಾತು ಸುಗಲಾಳ ಬಾಯಿಯವರೆಗೆ ಬಂತು. ಅಂದರೆ ಊರು ಹೋಗುತ್ತದೆ. ಅನ್ನದಿದ್ದರೆ ಹುಡುಗಿ ಹೋಗುತ್ತಾಳೆ. ಎಲ್ಲಿಗೆ ಹೋಗುತ್ತಾಳೆಂದು ಸುಗಲಾಳಿಗಿಂತ ಚೆನ್ನಾಗಿ ಬಲ್ಲವರಾರು? ಹುಡುಗಿಯೇ ಹೇಳಿದಳು: "ಊರ ಇಲ್ಲಂದ್ರ ಎಲ್ಲಿ ಕುಂತು ಹಾಡೂದ್ರಿ ಅಕ್ಕೋರ. ನಡೀರಿ, ಮತ್ತೊಮ್ಮೆ ಹೇಳ್ತೇನಿ."

*

ಮಧ್ಯಾಹ್ನ ಅವಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾಗ ಗದಗಿನಿಂದ ಫೋನ್ ಬಂತು. ಮಗಳು ದಾಕ್ಷಾಯಣಿ.

"ಅವ್ವಾ," ಎಂದಳು. "ನಿಲ್ಲಲಿಲ್ಲವ್ವಾ."

ಸುಗಲಾಳಿಗೆ ಅರ್ಥವಾಯಿತು. ಮೂರು ತಿಂಗಳು ತುಂಬಲಿ, ಆಮೇಲೆ ಎಲ್ಲರಿಗೂ ಹೇಳೋಣ ಎಂದುಕೊಂಡಿದ್ದರು. ಕಪಾಟಿನಲ್ಲಿ ಅವಳು ಒಂದು ಹಳೆಯ ಮೆತ್ತನೆಯ ಸೀರೆಯನ್ನು ಹರಿದು ಮಡಿಸಿಟ್ಟಿದ್ದಳು.

"ಬಿಸಿನೀರು ಕುಡಿ," ಎಂದಳು. "ಮಲಕ್ಕೋ. ಭಾರ ಎತ್ತಬ್ಯಾಡ. ಶುಕ್ರವಾರ ಮುಗಿದ ಮ್ಯಾಲ ನಾ ಬರ್ತೇನಿ."

"ಅವ್ವಾ, ರೇಡಿಯೋದಾಗ ಹವಾಮಾನ ಓದಿಧಂಗ ಹೇಳಬ್ಯಾಡ." ಮಗಳು ಅಳುತ್ತಿದ್ದಳು. "ಸಣ್ಣಾಕಿ ಇದ್ದಾಗ ಬಿದ್ದು ಮೊಣಕಾಲು ಒಡಕೊಂಡು ಬಂದ್ರೂ ಹಿಂಗ ಅಂದಿ. ಮಾರ್ಕ್ಸ್ ಕಡಿಮಿ ಬಂದಾಗ ಒಂದು ಸಲ ಬೈಯಲಿಲ್ಲ. ನಾ ಅಂದ್ರ ನಿನಗ ಏನೂ ಅಲ್ಲಂತ ತಿಳಕೊಂಡು ಬೆಳದೇನಿ ನಾನು. ಕೆಲಸ, ಕೆಲಸ ಅಂತ ಎಲ್ಲಾ ಗೊತ್ತು. ಆದ್ರೂ ಇವತ್ತೊಂದು ಸಲ ಅಯ್ಯೋ ಅನ್ನು. ನನ್ನ ಕೂಸಿಗೆ ಒಂದು ಅಯ್ಯೋ ಅನ್ನವ್ವಾ."

ಸುಗಲಾ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಮೆಣಸಿನಕಾಯಿಯ ಘಾಟು ಬಟ್ಟೆಗೂ ಹತ್ತಿತ್ತು, ನಾಲಿಗೆ ಉರಿಯಿತು. ಕಿಟಕಿಯಾಚೆ, ಬಿಸಿಲು ಕುಡಿದು ಹೊಳೆಯುತ್ತಿದ್ದ ಚಪ್ಪರ. ಅದರ ಕೆಳಗೆ ಹುಣಸೆಗಿಡದ ಬುಡದಲ್ಲಿ ಮಕ್ಕಳು ಗೋಲಿ ಆಡುತ್ತಿದ್ದರು. ಫೋನ್ ಕಟ್ಟಾಯಿತು. ಮಹಾರುದ್ರಪ್ಪ ಹಿತ್ತಲಿಗೆ ಹೋಗಿ ಮಗಳಿಗೆ ಫೋನ್ ಹಚ್ಚಿ, ಇಬ್ಬರ ಪಾಲಿನದನ್ನೂ ತಾನೊಬ್ಬನೇ ಅತ್ತ. ಅವನ ಅಳುವಿನ ಸದ್ದು ಕೇಳುತ್ತ ಅವಳು ಉಳಿದ ತೊಟ್ಟುಗಳನ್ನು ಮುರಿದಳು.

ತಾಯಿ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಓಣಿಯ ಹೆಂಗಸರು ಹಾಡ್ಯಾಡಿ ಅಳುತ್ತಿದ್ದರು. ಹೆತ್ತ ಮಗಳು ಸೆರಗು ಕಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. "ಕಲ್ಲಿನ ಎದಿ," ಎಂದಿದ್ದಳು ಸೋದರತ್ತೆ, ಎಲ್ಲರಿಗೂ ಕೇಳುವ ಹಾಗೆ. ಮಣ್ಣು ಮಾಡಲು ಊರಾಚೆಯ ಹೊಲಕ್ಕೆ ಹೋದಾಗ ಅಲ್ಲಿ ನೆರಳಿರಲಿಲ್ಲ. ಚಪ್ಪರ ಊರಿನಂಚಿಗೆ ಮುಗಿಯುತ್ತಿತ್ತು. ನೆತ್ತಿ ಸೀಳುವ ಬಿಸಿಲು, ಅದರಲ್ಲಿ ತಾಯಿಯ ಮುಖ. ಅಷ್ಟರಲ್ಲಿ ಚಪ್ಪರದ ಒಂದು ಚುಂಗು ಹರಿದು ಬಂದು ಕುಣಿಯ ಮೇಲೆ ನಿಂತಿತು. ಮಣ್ಣು ಮುಚ್ಚುವವರೆಗೂ ನಿಂತಿತ್ತು. ಗಾಳಿಯಿಂದಾದ ದೋಷ ಎಂದಿತು ಇಲಾಖೆ. ಅವಳೂ ಹಾಗೆಯೇ ನಂಬಿದ್ದಳು.

*

ಸಂಜೆ ಮಿಣುಕು ಇಳಿಸುವ ಹೊತ್ತು ಎಲ್ಲಕ್ಕಿಂತ ನಾಜೂಕಿನದು. ಹಗಲೆಲ್ಲ ಬಿಸಿಲು ಕುಡಿದು ಕಣಗಳು ತುಂಬಿರುತ್ತವೆ. ತೆಳ್ಳಗೆ ಹರಡಿಕೊಂಡೇ ಛಾವಣಿಯ ಎತ್ತರಕ್ಕೆ ಬರಬೇಕು. ಒಂದೆಡೆ ಗುಂಪಾದರೆ ಕೆಂಡ.

"ಇ…" ಎಂದಳು ಸುಗಲಾ. "ಳಿ" ಬರಲಿಲ್ಲ. ಗಂಟಲಿನಲ್ಲಿ ಏನೋ ಹರಿದ ಹಾಗಾಯಿತು. ಎರಡನೆಯ ಸಲಕ್ಕೆ ಬರಿ ಉಸಿರು ಬಂತು.

ಅರ್ಧ ಮಾತು ಕೇಳಿದ ಮಿಣುಕು ಅರ್ಧ ಇಳಿದು ಗಲಿಬಿಲಿಗೊಂಡಿತು. ಅಂಚುಗಳು ಒಳಕ್ಕೆ ಮುದುಡಿದವು. ನೋಡನೋಡುತ್ತಿದ್ದಂತೆ ಎಲ್ಲ ಬಂದು ಪೇಟೆಯ ಮೇಲೆ ಒಟ್ಟಾಯಿತು, ಮೊದಲು ಹಳದಿ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು. ಸಂತೆಯ ದಿನ. ಅಂಗಡಿಗಳ ತಾಡಪಾಲಿನಿಂದ ಸಣ್ಣಗೆ ಹೊಗೆ ಎದ್ದಿತು. ಜನ ತಲೆಯೆತ್ತಿ ನೋಡಿದರು. ಯಾರೋ ಮಗುವನ್ನೆತ್ತಿಕೊಂಡು ಓಡಿದರು.

ಆರಿಸಬೇಕಿತ್ತು, ಆ ಕ್ಷಣವೇ. ಸುಗಲಾ ಬಾಯಿ ತೆರೆದಳು, ಮುಚ್ಚಿದಳು. ಹುಡುಗಿಯ ಭುಜ ಹಿಡಿದು ಅಲುಗಿಸಿದಳು.

ನಿಂಬೆವ್ವ ಕೆಳಗೆ ಕಣ್ಣಾಡಿಸಿ ಹುಡುಕಿದಳು. ಪೇಟೆಯಲ್ಲಿ ಅವಳ ಆಯಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಕಲಿತ ಆರು ಮಾತೂ ತಲೆಯಿಂದ ಹಾರಿಹೋದವು. ಕೈಗಳನ್ನು ಮುಂದೆ ಚಾಚಿ, ಗಾಳಿಗೆ ತೂಗಾಡುವ ಸೊಡರಿನ ಕುಡಿಯನ್ನು ಅಂಗೈಯಲ್ಲಿ ಮುಚ್ಚುವವಳಂತೆ, ಅವಳು ಅಂದಳು:

"ದೊಡ್ಡದಾಗವ್ವಾ… ಸಾಕು, ದಣದಿ. ದೊಡ್ಡದಾಗು ನಮ್ಮವ್ವ."

ಕೆಳಗೆ ಗಂಟೆ ಗುಡಿಯ ಮಂಗಳಾರತಿಯಂತೆ ಬಿಡುವಿಲ್ಲದೆ ಬಾರಿಸಿತು. ಸುಗಲಾ ಕಣ್ಣು ಮುಚ್ಚಿದಳು. ಸುಡುವ ವಾಸನೆಗಾಗಿ ಕಾದಳು.

ಬರಲಿಲ್ಲ. ಕಣ್ಣು ತೆರೆದಾಗ ಪೇಟೆಯ ಮೇಲೆ ಕತ್ತಲಾಗಿತ್ತು. ಕೆಂಪು ಹೋಗಿ, ಕಿತ್ತಳೆ ಹೋಗಿ, ಬೂದಿಯಷ್ಟು ತಣ್ಣಗಾದ ಹುಡಿ ಬುಟ್ಟಿಗಳ ಮೇಲೆ, ತಲೆಗಳ ಮೇಲೆ ಮೆಲ್ಲಗೆ ಉದುರುತ್ತಿತ್ತು. "ಏ ಮಂತ್ರದಕ್ಕಾ, ದೀಪ ಹಚ್ಚಬೇ! ನನ್ನ ತಕ್ಕಡಿ ಕಾಣವಲ್ದು!" ಎಂದು ಯಾವನೋ ಕೂಗಿದ. ಜನ ನಕ್ಕರು. ಹೆದರಿದವರ ನಗು.

ಚೆಲುವಯ್ಯ ಏದುಸಿರು ಬಿಡುತ್ತ ಮೇಲೆ ಬಂದರು. "ಏನಾಯ್ತು? ಯಾರು ಮಾತಾಡಿದ್ದು? ಏನಂದ್ರಿ?"

"ನಾನ್ರೀ, ನಾ ತಪ್ಪು…" ಎಂದು ನಿಂಬೆವ್ವ ಬಾಯಿ ತೆರೆಯುವಷ್ಟರಲ್ಲಿ ಸುಗಲಾ ಅವಳ ಮುಂಗೈ ಹಿಸುಕಿ, ತನ್ನ ಗಂಟಲನ್ನು ತೋರಿಸಿಕೊಂಡಳು. ಒಡೆದದ್ದು ನನ್ನದು ಎಂಬಂತೆ ತಲೆಯಾಡಿಸಿದಳು.

ಅವರು ಇಬ್ಬರನ್ನೂ ನೋಡಿ ನಿಟ್ಟುಸಿರಿಟ್ಟರು. "ಸರಿ. ಮುಳ್ಳಿಗೆ ಏರಿಳಿತ ಗೊತ್ತಾಗುತ್ತೆ, ಯಾರ ದನಿ ಅಂತ ಗೊತ್ತಾಗಲ್ಲ. ನಿಮ್ಮ ಗಂಟಲು ಅಂತಲೇ ಹೇಳ್ತೀನಿ. ಆದರೆ ಶುಕ್ರವಾರ ಹೀಗಾದರೆ ನನ್ನ ಕೈಲಿ ಏನೂ ಇಲ್ಲ ಮೇಡಂ."

ಮನೆಗೆ ಹೋಗುವ ದಾರಿಯಲ್ಲಿ ಹುಡುಗಿ ಪಿಸುಗುಟ್ಟಿದಳು. "ಅಕ್ಕೋರ, ನಾ ಆರು ಅನ್ನಲಿಲ್ಲ. ದೊಡ್ಡದಾಗು ಅಂದ್ನಿ. ಅವು ಯಾಕ ಆರಿದ್ವು?"

ಸುಗಲಾ ಸೆರಗಿನ ಮೇಲೆ ಕುಳಿತ ತಣ್ಣನೆಯ ಹುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮಿಣುಕು ಮಾತನ್ನು ಕೇಳಿರಲಿಲ್ಲ. ಮಾತಿನ ಕೆಳಗೆ ಇದ್ದದ್ದನ್ನು ಕೇಳಿತ್ತು. ಆಯಿಯ 'ದೊಡ್ಡದು ಮಾಡು' ಎಂಬುದರ ಒಳಗೆ 'ಇನ್ನು ವಿಶ್ರಾಂತಿ ತಗೋ' ಎಂಬುದಿತ್ತು. ಮನೆಯ ಜನಕ್ಕೆಲ್ಲ ಅದು ಗೊತ್ತು. ಈ ಧೂಳಿಗೂ ಗೊತ್ತಿತ್ತು.

ಹಾಗಾದರೆ ಇಷ್ಟು ವರ್ಷ?

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ಒಂದು ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಹುಡುಗಿ ನೀರು ಕೇಳಿ ತಂದುಕೊಟ್ಟಳು. ಹಾಡದೆ ಉಳಿಸಿದ ಜೋಗುಳ, ಬೈಯದೆ ಉಳಿಸಿದ ಬೈಗುಳ, ಇವತ್ತು ಮಧ್ಯಾಹ್ನದ ಆ ಒಂದು ಅಯ್ಯೋ. ಇವೆಲ್ಲವನ್ನೂ ಯಾರಿಗಾಗಿ ಕಟ್ಟಿಟ್ಟಿದ್ದಳು? ಆ ಇನ್ನೊಬ್ಬ, ತಮ್ಮನ ಹೆಣದ ಮುಂದೆ ಕೂಗಿದವನು, ಅವನ ಕೂಗು ಏರಿದ್ದಕ್ಕೆ ಓಣಿ ಸುಡಲಿಲ್ಲ. ಸುಡಬೇಕೆಂದು ಅವನಿಗೆ ಅನಿಸಿತ್ತು. ಮಿಣುಕು ಅವನು ಕೇಳಿದ್ದನ್ನು ಮಾಡಿತು. ತಾಯಿಯನ್ನು ಮಣ್ಣು ಮಾಡಿದ ದಿನ ತಾನು ಬಾಯಿಗೆ ಬಟ್ಟೆ ತುರುಕಿಕೊಂಡು ಒಳಗೇ ಕೇಳಿದ್ದೇನು? ಅವ್ವನ ಮುಖಕ್ಕೆ ಬಿಸಿಲು ಬೀಳದಿರಲಿ. ಅಷ್ಟೇ. ಅದನ್ನೂ ಅದು ಮಾಡಿತ್ತು, ಉಸಿರಿನಷ್ಟೇ ದನಿಯಿಂದ ತಿಳಿದುಕೊಂಡು. ಕಲ್ಲಿನ ಎದೆ ಎಂದವರ ನಡುವೆ, ಅವಳು ಅತ್ತದ್ದನ್ನು ಕೇಳಿಸಿಕೊಂಡದ್ದು ಅದೊಂದೇ.

ಇದನ್ನು ಇಲಾಖೆಗೆ ಹೇಳಿದರೆ ಏನಾದೀತೆಂದು ಯೋಚಿಸಿದಳು. ಮನಸ್ಸನ್ನು ಕೇಳಿಸಿಕೊಳ್ಳುವ ಬೆಂಕಿಯನ್ನು ಯಾವ ಸರ್ಕಾರ ಊರಿನ ನೆತ್ತಿಯ ಮೇಲೆ ಬಿಟ್ಟೀತು? ಮರುದಿನವೇ ಡಬ್ಬಿಗಿಳಿಸುತ್ತಾರೆ.

*

ಬೆಳಗ್ಗೆ ಅವಳ ಬಾಯಿಯಿಂದ ಪಿಸುಮಾತು ಹೊರಡುವಷ್ಟು ಗಂಟಲು ಮರಳಿತ್ತು. ಅದನ್ನೂ ಆಡಕೂಡದು, ಪೂರ್ತಿ ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಇನ್ನಷ್ಟು ದಿನ ದನಿ ಉಳಿದೀತು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಿಂಬೆವ್ವ ಬರುವ ಮುಂಚೆಯೇ ಕಂಬ ಹತ್ತಿ, ಗುಂಡಿಯನ್ನು ಸಿಕ್ಕಿಸಿಕೊಳ್ಳದೆ ಕಟಾಂಜನಕ್ಕೆ ಬಂದಳು. ಬೇವಿನ ಎಲೆಗಳ ಮೇಲೆ ಬೂದಿ ಮಲಗಿತ್ತು. ದಾಕ್ಷಾಯಣಿ ಸಣ್ಣವಳಿದ್ದಾಗ ಶಾಲೆಗೆ ಎಬ್ಬಿಸುತ್ತಿದ್ದುದನ್ನು ನೆನೆಸಿಕೊಂಡಳು, ನಿಯಮ ಬರುವುದಕ್ಕೆ ಮುಂಚಿನ ದಿನಗಳು. ಬೆಚ್ಚಗಿನ ಕಿವಿ, ನಿದ್ದೆಯ ಬೆವರು. "ಚಿನ್ನೀ," ಎಂದಳು. ಆರು ಮಾತುಗಳಲ್ಲಿ ಅದಿರಲಿಲ್ಲ. "ಹೊತ್ತಾತು, ಚಿನ್ನೀ."

ಹುಡಿ ಮೈಮುರಿದು ಎದ್ದಿತು. ಎಂದಿಗಿಂತ ಮೆತ್ತಗೆ.

ಬಹಳ ಹೊತ್ತು ಅವಳು ಅಲ್ಲೇ ನಿಂತಿದ್ದಳು. ಒಳಗೆ ಸಂತೋಷವೇನೂ ಇರಲಿಲ್ಲ. ದೂರದ ಊರಿನಿಂದ ನಡೆದು ಬಂದು, ಕೊನೆಗೆ ಬಸ್ಸಿತ್ತೆಂದು ತಿಳಿದವಳ ಮೈಕೈನೋವು ಮಾತ್ರ ಇತ್ತು.

ಮನೆಗೆ ಬಂದು ಹಿಟ್ಟಿಗೆ ಕುದಿನೀರು ಹಾಕಿ ನಾದಿದಳು. ಮಹಾರುದ್ರಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಒಂದೇ ಸಮನೆ ಮಾತಾಡುತ್ತಿದ್ದ. ಸಂತೆಯಲ್ಲಿ ಸುಟ್ಟ ತಾಡಪಾಲಿನ ಕತೆ, ತಕ್ಕಡಿಯವನ ಕತೆ, ಗದಗಿಗೆ ಹೋಗುವ ಬಸ್ಸಿನ ಹೊತ್ತು. "ಶನಿವಾರ ಹೋಗೂಣು. ಒಂದು ನಾಕು ದಿನ ಅಲ್ಲೇ ಇದ್ದು ಬರೂಣು. ಏನಂತಿ?"

"ಹೂಂ," ಎಂದಳು.

ಅವಳ ಕೈ ಬಡಿಯುತ್ತಿತ್ತು, ತಿರುಗಿಸುತ್ತಿತ್ತು. ನಾಳೆ ಶುಕ್ರವಾರ. ಗುಂಡಿ ಹುಡುಗಿಯ ಸೆರಗಿನಲ್ಲಿ ಇರಬೇಕು. ಅದನ್ನು ಸಿಕ್ಕಿಸುವುದು ಗುರುವಿನ ಕೆಲಸ, ಆ ಹೊತ್ತಿಗೆ ಕಂಬದ ಮೇಲೆ ಇರುವವರು ಇಬ್ಬರೇ. ಚೆಲುವಯ್ಯ ಕೆಳಗೆ, ಮುಳ್ಳಿನ ಮುಂದೆ. ಮುಳ್ಳಿಗೆ ಯಾರ ದನಿಯೆಂದು ಗೊತ್ತಾಗುವುದಿಲ್ಲ. ಗುಂಡಿ ತನ್ನ ಸೆರಗಿನೊಳಗೇ ಉಳಿಯುತ್ತದೆ. ಹುಡುಗಿಯನ್ನು ಕಟಾಂಜನದ ಆ ತುದಿಗೆ, ಅವಳ ದನಿ ಗುಂಡಿಗೆ ಮುಟ್ಟದಷ್ಟು ದೂರ ನಿಲ್ಲಿಸಿ, ನಿನ್ನ ಆಯಿಯ ದೀಪಕ್ಕೆ ಹೇಳುವ ಹಾಗೆ ಹೇಳು ಎಂದರೆ ಸಾಕು. ಈ ತುದಿಯಲ್ಲಿ ತಾನು ಆರೂ ಮಾತುಗಳನ್ನು ಗುಂಡಿಗೆ ಬಾಯಿಹಚ್ಚಿ, ಎಂದಿನ ಸತ್ತ ದನಿಯಲ್ಲಿ ಹೇಳುತ್ತಾಳೆ. ಗಂಟೆ ಬಾರಿಸುವುದಿಲ್ಲ. ಉಳಿದಿರುವ ಗಂಟಲು ಅದಕ್ಕೆ ಸಾಕಾಗಬಹುದು. ಅದರಾಚೆಗೆ ಸಾಕಾಗಲಿಕ್ಕಿಲ್ಲ. ಗದಗಿನಲ್ಲಿ ಹೇಳಬೇಕಾದ ಅಯ್ಯೋಗೆ ದನಿ ಬೇಕೆಂದೇನೂ ಇಲ್ಲ. ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಅವಳಿಗೆ ಕೇಳಿಸಬಹುದು. ಧೂಳಿಗೆ ಕೇಳಿಸಿತ್ತಲ್ಲ.

ಹುಡುಗಿಗೆ ಕಲಿಸಬೇಕಾದದ್ದು ಇನ್ನೂ ಬಹಳ ಇತ್ತು. ಸಿಟ್ಟು ಬಂದಾಗ ಅದನ್ನು ಬಚ್ಚಿಡುವುದನ್ನಲ್ಲ, ಸಿಟ್ಟಿನಲ್ಲೂ ಯಾರೂ ಸುಡದಿರಲಿ ಎಂದುಕೊಳ್ಳುವುದನ್ನು. ಅದು ಆರು ಮಾತಿಗಿಂತ ಕಷ್ಟದ ಪಾಠ. ಸುಗಲಾಳಿಗೇ ಅದು ಬರುತ್ತದೋ ಇಲ್ಲವೋ. ಗುಂಡಿಯಿಲ್ಲದ ಮದುವೆಯ ಚಪ್ಪರದಲ್ಲಿ, ಹಾಡುವ ಹುಡುಗಿಯ ಪಕ್ಕ ಕುಳಿತು ಶುರುಮಾಡಿದರಾಯಿತು.

"ಏನ ವಿಚಾರ ಮಾಡಾಕತ್ತಿ?" ಮಹಾರುದ್ರಪ್ಪ ಬಾಗಿಲಿಗೆ ಬಂದು ನಿಂತಿದ್ದ. ಹಲಗೆಯ ಮೇಲೆ ಬಗ್ಗಿ ನೋಡಿದ. "ಅಲಾ, ಇವತ್ತ ರೊಟ್ಟಿ ಇಷ್ಟು ದಪ್ಪ? ಏನು ವಿಶೇಷ?"

"ಹಿಟ್ಟು ಹಂಗೈತಿ," ಎಂದು ಪಿಸುಗುಟ್ಟಿ, ಅವಳು ರೊಟ್ಟಿಯನ್ನೆತ್ತಿ ಹೆಂಚಿಗೆ ಹಾಕಿದಳು.